ಕ್ವಿನ್ಸ್ ಹಣ್ಣಿನ ಚೀಟಿ

ಲೌತ್, ಲಿಂಕನ್‌ಶೈರ್
ಸೋಮವಾರ, ೯ ಅಕ್ಟೋಬರ್ ೧೮೯೩

ಪ್ರಿಯ ಮಿಲಿ,

ನಿನ್ನ ಪತ್ರ ಶನಿವಾರ ಮಧ್ಯಾಹ್ನದ ಟಪಾಲಿನಲ್ಲಿ ಬಂತು. ನಿಘಂಟಿನಲ್ಲಿ ‘ಕೆ’ ಅಕ್ಷರದ ಕೆಲಸ ಶುರುವಾಗಿದೆ. ‘ಕೀಪ್’ ಎಂಬ ಕ್ರಿಯಾಪದವನ್ನು ಸಂಪಾದಕ ಡಾಕ್ಟರ್ ಇಂಗಲ್ಬಿಯವರು ನಿನಗೆ ವಹಿಸಿದ್ದಾರೆ. ಇಷ್ಟು ವಿಷಯ. ಅಭಿನಂದನೆಗಳು.

ಅಮ್ಮ ಬದುಕಿದ್ದಾಗ ಭಾನುವಾರ ಪತ್ರ ಬರೆಯುವುದು ಅವಳಿಗೆ ಆಗುತ್ತಿರಲಿಲ್ಲ, ಅದಕ್ಕೇ ಇವತ್ತಿನವರೆಗೆ ಕಾದೆ. ಕಾದದ್ದಕ್ಕೆ ಬೇರೆ ಕಾರಣವಿಲ್ಲ.

ತಿಂಡಿಯ ಹೊತ್ತಿಗೆ ಆಂಬ್ರೋಸ್‌ಗೆ ಓದಿ ಹೇಳಿದೆ. ಔಷಧಿ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬಾಯಿ ಬಿಡದ ನನ್ನ ಅಣ್ಣನಿಗೆ ಮನೆಯೊಳಗೆ ಮಾತ್ರ ನಾಲಿಗೆ ಬರುತ್ತದೆ ಎನ್ನುವುದು ನಿನಗೆ ಗೊತ್ತು. “ಹನ್ನೊಂದು ವರ್ಷ ತೊಟ್ಟಿಲು ತೂಗಿದ್ದು ನೀನು. ಈಗ ಹೆಸರಿಡೋಕೆ ಅವಳನ್ನ ಕರೆದ್ರಾ?” ಎಂದ. ನಾನು ಬೆಣ್ಣೆ ಮುಂದೆ ತಳ್ಳಿದೆ.

ಆ ಪದವನ್ನು ನನಗೆ ಕೊಡಿ ಎಂದು ಡಾಕ್ಟರರಿಗೆ ಮೂರು ಸಲ ಬರೆದಿದ್ದೆ. ಇದನ್ನು ನಿನಗೆ ಹೇಳಿದ್ದೇನೋ ಇಲ್ಲವೋ ನೆನಪಿಲ್ಲ. ಅಂಗಡಿ ನಡೆಸುವುದೂ ಕೀಪ್, ಕೋಳಿ ಸಾಕುವುದೂ ಕೀಪ್. ಕೊಟ್ಟ ಮಾತು ಉಳಿಸಿಕೊಳ್ಳುವುದು, ಗುಟ್ಟು ಬಿಡದಿರುವುದು, ಭಾನುವಾರವನ್ನು ಆಚರಿಸುವುದು, ಹಾಸಿಗೆ ಹಿಡಿದು ಮಲಗುವುದು, ಹಣ್ಣು ಕೆಡದೆ ಉಳಿಯುವುದು, ಎಲ್ಲಕ್ಕೂ ಅದೊಂದೇ. ಪುಸ್ತಕ ಓದಿ ನಿಘಂಟಿಗೆ ಚೀಟಿ ಬರೆದು ಕಳಿಸುವ ಉಳಿದ ಓದುಗರೆಲ್ಲ ಅಪರೂಪದ ದೊಡ್ಡ ಪದಗಳ ಹಿಂದೆ ಓಡುತ್ತಿದ್ದಾಗ ನಾನು ಈ ಸಣ್ಣ ಪದದ ಹಿಂದೆ ಹೋದೆ. ಇದನ್ನು ಬೇರೆ ಯಾರೂ ಕೇಳಲಾರರು ಎಂದುಕೊಂಡಿದ್ದೆ.

ಈ ಊಟದ ಮೇಜಿನ ಮೇಲೆಯೇ ನಿನಗೆ ಚೀಟಿ ಬರೆಯಲು ಕಲಿಸಿದೆ. ಎಡ ಮೂಲೆಯಲ್ಲಿ ಪದ. ಅದರ ಕೆಳಗೆ ವರ್ಷ, ಬರೆದವರ ಹೆಸರು, ಪುಸ್ತಕ, ಪುಟ. ಆಮೇಲೆ ಆ ಪದ ಬಂದಿರುವ ವಾಕ್ಯ, ಒಂದು ಅಲ್ಪವಿರಾಮವೂ ತಪ್ಪದಂತೆ. ಮೊದಲ ತಿಂಗಳು ನೀನು ಆರಿಸಿದ್ದೆಲ್ಲ ಅಲಂಕಾರದ ವಾಕ್ಯಗಳೇ. ಚೆಂದದ ವಾಕ್ಯ ಬೇಡ, ಇರುವ ವಾಕ್ಯ ಬೇಕು ಎಂದು ನಾನು ನೂರು ಸಲ ಹೇಳಿರಬೇಕು.

ಕೀಪ್‌ಗೆ ಸೇರಿದ ಕೆಲವು ಚೀಟಿಗಳು ನನ್ನಲ್ಲೂ ಇರಬಹುದು. ಬಿಡುವಾದಾಗ ಹುಡುಕುತ್ತೇನೆ.

ನಿನ್ನ,
ಸೆಲೀನಾ ಡೌಸ್

ಯಾರ್ಕ್
೧೬ ಅಕ್ಟೋಬರ್ ೧೮೯೩

ಪ್ರಿಯ ಸೆಲೀನಾ,

ಅಭಿನಂದನೆ ತಲುಪಿತು. ಅಷ್ಟು ಚೆನ್ನಾಗಿ ಒಣಗಿಸಿದ್ದನ್ನು ಆಂಬ್ರೋಸ್ ತಮ್ಮ ಅಂಗಡಿಯ ಬಾಟಲಿಯಲ್ಲಿ ಹಾಕಿ ಮಾರಬಹುದು.

ನೀನು ನನ್ನ ಪಕ್ಕದಲ್ಲಿದ್ದಿದ್ದರೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಡಾಕ್ಟರರ ಮನೆಯ ಹಿಂದಿನ ತಗಡಿನ ಕೊಠಡಿಯೇ ನಮ್ಮ ಕಚೇರಿ. ಆರು ಮೇಜು, ಒಂದು ಒಲೆ. ನನಗೆ ಕಿಟಕಿಯ ಕೆಳಗಿನ ಕುರ್ಚಿ ಸಿಕ್ಕಿದೆ. ಒಂಬತ್ತು ವರ್ಷ ಅದರಲ್ಲಿ ಕೂತಿದ್ದ ಪಾದ್ರಿ ಬೇಸಿಗೆಯಲ್ಲಿ ತೀರಿಕೊಂಡರು. ದೇಶದ ಮೂಲೆಮೂಲೆಗಳಿಂದ ಓದುಗರು ಕಳಿಸಿದ ಒಂಬತ್ತು ಸಾವಿರ ಚೀಟಿಗಳನ್ನು ನೆಲದ ಮೇಲೆ ಅರ್ಥವಾರು ಹರಡಿದ್ದೇನೆ. ಅವುಗಳ ನಡುವೆ ಬೂಟು ಬಿಚ್ಚಿ ಓಡಾಡುತ್ತೇನೆ. ಸಂಜೆ ಒಂದು ಅರ್ಥ ಖಚಿತವಾಯಿತು ಎಂದುಕೊಂಡು ಹೋದರೆ, ಬೆಳಿಗ್ಗೆ ಬರುವಷ್ಟರಲ್ಲಿ ಅದು ಪಕ್ಕದ ರಾಶಿಗೆ ಸರಿದಿರುತ್ತದೆ. ಪಕ್ಕದ ಮೇಜಿನ ಮಿಸ್ ಕ್ರೇಕ್ ತಮ್ಮ ಶಾಲನ್ನು ನನ್ನ ಕಾಲಿಗೆ ಸುತ್ತಿಕೊಟ್ಟರು. ನಾಲ್ಕು ಗಂಟೆಗೆ ಇಬ್ಬರೂ ಪಾರ್ಕಿನ್ ಕೇಕನ್ನು ಮುರಿದು ತಿನ್ನುತ್ತೇವೆ. ಅವರಿಗೆ ಒಳ್ಳೆಯ ಕಣ್ಣಿದೆ, ಸೆಲೀನಾ. ಹದಿನಾಲ್ಕನೇ ಶತಮಾನದ ಒಂದು ಪ್ರಯೋಗವನ್ನು ಪತ್ತೆ ಮಾಡಿ ಎಲ್ಲರ ಬಾಯಿ ಮುಚ್ಚಿಸಿದ್ದಾರೆ.

ನಿನ್ನಲ್ಲಿರುವುದು “ಕೆಲವು ಚೀಟಿ” ಅಲ್ಲ. ಅಟ್ಟದ ಮೇಲಿನ ಆ ಪೆಟ್ಟಿಗೆಗಳನ್ನು ನಾನೇ ನೋಡಿದ್ದೇನೆ, ಆರುನೂರಕ್ಕೆ ಕಡಿಮೆಯಿಲ್ಲ. ದಯವಿಟ್ಟು ಕಳಿಸು. ಅದರಲ್ಲೂ ಹಣ್ಣು ಕೆಡದೆ ಉಳಿಯುವ ಅರ್ಥಕ್ಕೆ ನನ್ನಲ್ಲಿರುವ ಮೊದಲ ಚೀಟಿ ತೀರಾ ಈಚಿನದು, ೧೫೯೦ರ ಸುಮಾರಿನದು. ಡಾಕ್ಟರರ ಮುಂದೆ ಪೇಚಾಡಿಕೊಂಡೆ. “ಅಡುಗೆಮನೆ ಮಾತು ಪುಸ್ತಕಕ್ಕೆ ಬರೋಕೆ ನೂರು ವರ್ಷ ಬೇಕು, ಮಿಸ್ ಥರ್ಲ್ಬಿ. ಹೆಂಗಸರು ಬರೆದಿಟ್ಟಿದ್ದೇನಾದ್ರೂ ಸಿಕ್ಕಿದ್ರೆ ನಿಮ್ಮ ಅದೃಷ್ಟ” ಎಂದು ಪೈಪ್ ಹಚ್ಚಿಕೊಂಡರು.

ಪ್ರೀತಿಯಿಂದ,
ಮಿಲಿ

ಲೌತ್
೨ ನವೆಂಬರ್ ೧೮೯೩

ಪ್ರಿಯ ಮಿಲಿಸೆಂಟ್,

ಇದರ ಜೊತೆ ನಲವತ್ತು ಚೀಟಿಗಳಿವೆ. ಉಳಿದವು ಅಟ್ಟದಲ್ಲಿವೆ. ಕ್ವಿನ್ಸ್ ಹಣ್ಣುಗಳನ್ನು ಕಿತ್ತು ಹುಲ್ಲಿನ ಮೇಲೆ ಹರಡಿರುವುದರಿಂದ ಅಲ್ಲಿ ಕಾಲಿಡಲು ಜಾಗವಿಲ್ಲ, ಕೆಲಸದ ಕೆಜಾಯಾಳಿಗೆ ಮಂಡಿನೋವು. ಏಣಿ ಹತ್ತು ಎಂದರೆ, “ಅಮ್ಮಾವ್ರೆ, ಆ ಚೀಟಿಗಳು ಹನ್ನೊಂದು ವರ್ಷದಿಂದ ಅಲ್ಲೇ ಅವೆ, ಇನ್ನೊಂದು ವಾರ ಇದ್ರೆ ಮೊಟ್ಟೆ ಇಡ್ತವಾ?” ಎನ್ನುತ್ತಾಳೆ.

ಈ ವರ್ಷ ಹಣ್ಣು ಚೆನ್ನಾಗಿ ಬಂದಿದೆ. ಅಟ್ಟದ ವಾಸನೆ ಮೆಟ್ಟಿಲವರೆಗೂ ಇಳಿಯುತ್ತದೆ.

ಹೋದ ವರ್ಷ ನೀನು ಬಿಟ್ಟುಹೋದ ಬೂದು ಶಾಲು ಹಜಾರದ ಗೂಟದಲ್ಲೇ ಇದೆ. ಕಳಿಸಲೇ ಎಂದು ಕೇಳಬೇಕೆಂದಿದ್ದೆ. ಈಗ ಅದರ ಅಗತ್ಯವಿರಲಾರದು.

ಮಿಸ್ ಕ್ರೇಕ್ ಅವರ ವಯಸ್ಸೆಷ್ಟು?

ನಿನ್ನ,
ಸೆಲೀನಾ

ಯಾರ್ಕ್
೨೦ ನವೆಂಬರ್ ೧೮೯೩

ಮಾನ್ಯ ಮಿಸ್ ಡೌಸ್ ಅವರಿಗೆ,

ತಾವು ಕಳಿಸಿದ ನಲವತ್ತು ಚೀಟಿಗಳಿಗೆ ನಿಘಂಟಿನ ಪರವಾಗಿ ಕೃತಜ್ಞತೆಗಳು. ಎಂದಿನಂತೆ ಒಂದರಲ್ಲೂ ತಪ್ಪಿಲ್ಲ. ಉಳಿದವನ್ನೂ ಬೇಗ ಕಳಿಸಬೇಕೆಂದು ಬೇಡಿಕೊಳ್ಳುತ್ತೇನೆ. ನಮ್ಮ ಮಿಸ್ ಥರ್ಲ್ಬಿ ಈಗಾಗಲೇ ಅರವತ್ತು ಅರ್ಥಗಳನ್ನು ಬೇರ್ಪಡಿಸಿದ್ದಾರೆ. ಈ ಕೊಠಡಿಯಲ್ಲಿ ಇಂಥ ಕೆಲಸವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಮುನ್ನುಡಿಯಲ್ಲಿ ಅವರ ಹೆಸರನ್ನು ಪ್ರತ್ಯೇಕವಾಗಿ ನಮೂದಿಸುವುದೆಂದು ತೀರ್ಮಾನವಾಗಿದೆ. ತಮ್ಮ ಹೆಸರು ಎಂದಿನಂತೆ ಓದುಗರ ಪಟ್ಟಿಯಲ್ಲಿ ಇರುತ್ತದೆ.

ಈ ಪದವನ್ನು ತಮಗೇಕೆ ವಹಿಸಲಿಲ್ಲವೆಂದು ತಾವು ಕೇಳಿಲ್ಲ. ಆದರೂ ಹೇಳುವುದು ನನ್ನ ಕರ್ತವ್ಯ. ತಾವು ಚೀಟಿಗಳನ್ನು ಪ್ರೀತಿಸುವವರು. ಕ್ರಿಯಾಪದವನ್ನು ಕಟ್ಟುವವರಿಗೆ ಹತ್ತರಲ್ಲಿ ಒಂಬತ್ತು ಚೀಟಿಗಳನ್ನು ತೆಗೆದುಹಾಕುವ ಕೈ ಬೇಕು. ಅದು ಬೇರೆ ಬಗೆಯ ಮನಸ್ಸು. ಹೆಚ್ಚಿನದು ಎಂದು ನಾನು ಹೇಳುತ್ತಿಲ್ಲ.

ತಮ್ಮ ವಿಶ್ವಾಸಿ,
ಎಡ್ಮಂಡ್ ಇಂಗಲ್ಬಿ

ಲೌತ್
೪ ಡಿಸೆಂಬರ್ ೧೮೯೩

ಪ್ರಿಯ ಮಿಸ್ ಥರ್ಲ್ಬಿ,

ನೀವು ಕೇಳಿದ ಚೀಟಿಗಳನ್ನು ಇಂದಿನ ರೈಲಿನಲ್ಲಿ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ಒಟ್ಟು ಆರುನೂರ ಹನ್ನೆರಡು. ನಿಮಗೆ ಬೇಡವಾದವನ್ನು ಹಿಂದಿರುಗಿಸುವ ಅಗತ್ಯವಿಲ್ಲ. ತೆಗೆದುಹಾಕುವ ಕೈ ನಿಮ್ಮದೆಂದು ಕೇಳಿದ್ದೇನೆ.

ಹಣ್ಣು ಉಳಿಯುವ ಅರ್ಥಕ್ಕೆ ನಿಮಗೆ ಹಳೆಯ ಪ್ರಯೋಗವೊಂದು ಬೇಕಿತ್ತಲ್ಲವೇ? ಮೂರನೇ ಕಟ್ಟಿನಲ್ಲಿ ಒಂದು ಚೀಟಿಯಿದೆ. ನಮ್ಮೂರಿನ ಮಿಸೆಸ್ ಓಡ್ಲಿಂಗ್ ಅವರ ಮನೆಯಲ್ಲಿರುವ ಕೈಬರಹದ ಗೃಹಕೃತ್ಯದ ಪುಸ್ತಕದಿಂದ ತೆಗೆದದ್ದು, ವರ್ಷ ೧೫೩೮. ಆ ಪುಸ್ತಕವನ್ನು ಅವರು ನನಗೊಬ್ಬಳಿಗೇ ಮುಟ್ಟಲು ಬಿಡುತ್ತಾರೆ. ಅದರಿಂದ ಈ ಹಿಂದೆ ಮೂವತ್ತು ಚೀಟಿಗಳನ್ನು ಬರೆದು ಕಳಿಸಿರುವುದನ್ನು ನೀವು ಬಲ್ಲಿರಿ.

ವಾಕ್ಯ ಹೀಗಿದೆ: “ಅನ್ಯ ಫಲದ ನೆರೆಯಿಲ್ಲದೆ ಒಂಟಿಯಾಗಿರಿಸಿದ ಕ್ವಿನ್ಸ್ ಲೇಡಿ ಡೇ ಹಬ್ಬದ ವರೆಗೂ ಕೆಡದೆ ನಿಲ್ವುದು.”

ಅಂದರೆ ಮಾರ್ಚ್ ಇಪ್ಪತ್ತೈದರ ತನಕ. ಉಪಯೋಗಕ್ಕೆ ಬಂದರೆ ಸಂತೋಷ.

ನಿಮ್ಮ,
ಎಸ್. ಡೌಸ್

ಯಾರ್ಕ್
೧೫ ಡಿಸೆಂಬರ್ ೧೮೯೩

ಪ್ರಿಯ ಸೆಲೀನಾ,

ನನ್ನನ್ನು ಮಿಸ್ ಥರ್ಲ್ಬಿ ಎಂದದ್ದೇಕೆ? ಯಾರು ಏನು ಹೇಳಿದರು? ಹಾಗೆ ಕರೆದ ನಂತರವೂ ಆರುನೂರು ಚೀಟಿ ಕಳಿಸಿದವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬರುವುದಿಲ್ಲ.

ಪೆಟ್ಟಿಗೆ ತೆರೆದ ದಿನ ಇಲ್ಲಿ ಕೆಲಸ ನಿಂತುಹೋಯಿತು. ಕ್ವಿನ್ಸ್ ಚೀಟಿಯನ್ನು ಡಾಕ್ಟರರು ಒಲೆಯ ಪಕ್ಕ ನಿಂತು ಎರಡು ಸಲ ಗಟ್ಟಿಯಾಗಿ ಓದಿದರು. ಒಮ್ಮೆಗೇ ಐವತ್ತು ವರ್ಷ ಹಿಂದಕ್ಕೆ. “ನೋಡಿದ್ರಾ, ಹೆಂಗಸರ ಪುಸ್ತಕ ಅಂದಿದ್ದೆ ನಾನು” ಎಂದು, ತಾವೇ ಬರೆದವರ ಹಾಗೆ ಎಲ್ಲರ ಕಡೆ ನೋಡಿದರು. ಮಿಸ್ ಕ್ರೇಕ್ ಮಾತ್ರ ಬೇಗನೆ ತಮ್ಮ ಮೇಜಿಗೆ ಮರಳಿದರು. ಪಾರ್ಕಿನ್ ಅನ್ನು ಒಬ್ಬರೇ ತಿಂದರು. ನಾನು ಸಂತೋಷಪಟ್ಟೆ ಎಂದು ಬರೆದರೆ ನೀನು ನನ್ನನ್ನು ಕೀಳೆಂದು ಎಣಿಸುತ್ತೀಯಾ?

ಅಚ್ಚಿಗೆ ಹೋಗುವ ಪ್ರತಿ ಉಲ್ಲೇಖವನ್ನೂ ಮೂಲ ಪುಸ್ತಕದೊಡನೆ ಹೋಲಿಸುವುದು ಇಲ್ಲಿನ ನಿಯಮ. ಕೈಬರಹದ ಪುಸ್ತಕವಾದರೆ ಚೀಟಿ ಬರೆದವರೇ ಇನ್ನೊಮ್ಮೆ ನೋಡಿ ಸಹಿ ಹಾಕಬೇಕು. ಇದು ಸೆಲೀನಾ ಡೌಸ್ ಅವರ ಅಕ್ಷರ, ಇದಕ್ಕೆ ಸಹಿ ಬೇಕಿಲ್ಲ ಎಂದು ನಾನೇ ಹೇಳಿದೆ. ಡಾಕ್ಟರರು ಒಪ್ಪಿದರು. ಆ ಅರ್ಥದ ತಲೆಯ ಮೇಲೆ, ಎಲ್ಲಕ್ಕಿಂತ ಹಳೆಯ ಉಲ್ಲೇಖವಾಗಿ, ನಿನ್ನ ಕ್ವಿನ್ಸ್ ಕೂತಿದೆ. ಕರಡಚ್ಚು ಮಾರ್ಚ್‌ನಲ್ಲಿ ಬರುತ್ತದೆ.

ಆ ಬೂದು ಶಾಲು ಬೇಕು. ಕಳಿಸು.

ಮಿಲಿ

ಲೌತ್
೨೨ ಜನವರಿ ೧೮೯೪

ಪ್ರಿಯ ಮಿಲಿಸೆಂಟ್,

ಉತ್ತರಿಸಲು ತಡವಾಯಿತು. ಆಂಬ್ರೋಸ್‌ಗೆ ನೆಗಡಿ, ತನ್ನದೇ ಔಷಧಿ ಕುಡಿಯಲು ಒಪ್ಪಲಿಲ್ಲ.

ನನ್ನ ಚೀಟಿಗೆ ಸಹಿ ಬೇಕಿಲ್ಲ ಎಂದು ನೀನು ಹೇಳಬಾರದಿತ್ತು. ನಿಯಮ ಎಂದರೆ ಎಲ್ಲರಿಗೂ ನಿಯಮ. ಒಂದೇ ಒಂದು ಚೀಟಿಯನ್ನು ಅಷ್ಟಾಗಿ ನೆಚ್ಚಿಕೊಳ್ಳುವುದೂ ಒಳ್ಳೆಯದಲ್ಲ. ೧೫೯೦ರದ್ದನ್ನೇ ತಲೆಯ ಮೇಲೆ ಇಟ್ಟರೂ ಯಾರೂ ನಿನ್ನನ್ನು ಹೀಯಾಳಿಸುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದು ಓದುಗರ ಕೆಲಸವಲ್ಲ.

ನಿನ್ನ ಪತ್ರವನ್ನು ನಾನು ಮೂರನೇ ಸಲ ಓದುತ್ತಿದ್ದುದನ್ನು ಕೆಜಾಯಾ ನೋಡಿದಳು. “ಯಾರ್ಕಿಂದ ಒಳ್ಳೆ ಸುದ್ದೀನೇ ಬಂದಿರ್ಬೇಕು ಅಮ್ಮಾವ್ರೆ. ಆದ್ರೆ ನಿಮ್ಮ ಮುಖ ನೋಡಿದ್ರೆ ಹಾಲು ಕದ್ದ ಬೆಕ್ಕು ಕೆನೆ ಗಂಟಲಲ್ಲಿ ಸಿಕ್ಕಿಸ್ಕೊಂಡ ಹಂಗದೆ” ಎಂದಳು. ಅವಳಿಗೆ ಈ ನಡುವೆ ಸಲಿಗೆ ಹೆಚ್ಚಾಗಿದೆ.

ಶಾಲು ಕಳಿಸಿದ್ದೇನೆ. ಒಗೆಸಿಲ್ಲ.

ಸೆಲೀನಾ

ಯಾರ್ಕ್
೯ ಮಾರ್ಚ್ ೧೮೯೪

ಮಾನ್ಯ ಮಿಸ್ ಡೌಸ್ ಅವರಿಗೆ,

‘ಕೀಪ್’ ಪದದ ಕರಡಚ್ಚಿನ ಒಂದು ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ತಮ್ಮ ಉಲ್ಲೇಖವನ್ನು ಗುರುತು ಮಾಡಿದೆ.

ಹಳೆಯ ಭಾಷೆಯನ್ನು ಬಲ್ಲ ಮಿತ್ರರೊಬ್ಬರು ಈ ಹಾಳೆಯನ್ನು ನೋಡಿ, ವಾಕ್ಯ ಸೊಗಸಾಗಿದೆ, ಆದರೆ ೧೫೩೮ಕ್ಕೆ ತುಸು ಹೆಚ್ಚೇ ಸೊಗಸಾಗಿದೆ ಎಂದು ಬರೆದಿದ್ದಾರೆ. ನನಗೆ ಅನುಮಾನವಿಲ್ಲ. ಆದರೆ ನಿಯಮವನ್ನು ಒಮ್ಮೆ ಸಡಿಲಿಸಿದ್ದು ನನ್ನ ತಪ್ಪು. ಮಿಸ್ ಥರ್ಲ್ಬಿ ತಮ್ಮ ಪರವಾಗಿ ಬಹಳ ನೊಂದುಕೊಂಡರು. ತಮಗೆ ಬರೆಯುವುದೇ ಅವಮಾನ ಎಂದರು. ಆದರೂ ಬರೆಯುತ್ತಿದ್ದೇನೆ. ಇದರೊಡನೆ ಎಂದಿನ ಕಾರ್ಡು ಇದೆ. “ಮೂಲದೊಡನೆ ಹೋಲಿಸಿ ನೋಡಿದ್ದೇನೆ, ಸರಿಯಾಗಿದೆ” ಎಂಬ ಸಾಲಿನ ಕೆಳಗೆ ಸಹಿ ಮಾಡಿ ಕಳಿಸಿದರೆ ಸಾಕು. ಶುಕ್ರವಾರ, ಮಾರ್ಚ್ ಮೂವತ್ತರಂದು ಹಾಳೆ ಅಚ್ಚಿಗೆ ಹೋಗುತ್ತದೆ.

ತಮ್ಮ ವಿಶ್ವಾಸಿ,
ಎಡ್ಮಂಡ್ ಇಂಗಲ್ಬಿ

ಯಾರ್ಕ್
೧೯ ಮಾರ್ಚ್ ೧೮೯೪

ಸೆಲೀನಾ,

ಹತ್ತು ದಿನವಾಯಿತು, ಕಾರ್ಡು ಬಂದಿಲ್ಲ. ಡಾಕ್ಟರರು ದಿನವೂ ಬೆಳಿಗ್ಗೆ ಟಪಾಲಿನ ತಟ್ಟೆ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಆದ್ದರಿಂದ ನಾನು ಮುಚ್ಚುಮರೆ ಬಿಟ್ಟು ಬರೆಯುತ್ತೇನೆ.

ಆ ವಾಕ್ಯ ಪುಸ್ತಕದಲ್ಲಿಲ್ಲ. ಅದನ್ನು ಕಟ್ಟಿದ್ದು ನೀನು. ನನಗೆ ಮೊದಲೇ ಗೊತ್ತಿತ್ತು.

ಡಾಕ್ಟರರು ಗಟ್ಟಿಯಾಗಿ ಓದಿದಾಗ ಗೊತ್ತಾಗಲಿಲ್ಲ. ಆ ಸಂಜೆ ಎಲ್ಲರೂ ಹೋದ ಮೇಲೆ ಚೀಟಿಯನ್ನು ಕೈಗೆತ್ತಿಕೊಂಡು ಓದಿದಾಗ ನಿನ್ನ ಅಮ್ಮನ ದನಿ ಕೇಳಿಸಿತು. ಹತ್ತು ವರ್ಷದ ಹಿಂದೆ, ಅಕ್ಟೋಬರ್‌ನಲ್ಲಿ, ನಿಮ್ಮ ಅಟ್ಟದಲ್ಲಿ ನಾವು ಮೂವರೂ ಮಂಡಿಯೂರಿ ಹಣ್ಣು ಜೋಡಿಸುತ್ತಿದ್ದೆವು. ನಾನು ಸೇಬಿನ ಬುಟ್ಟಿ ತಂದು ಪಕ್ಕದಲ್ಲಿಟ್ಟೆ. ನಿನ್ನ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. “ಬೇಡ ಕಣೇ ಹುಡುಗಿ. ಈ ಹಣ್ಣಿಗೆ ಹೊಟ್ಟೆಕಿಚ್ಚು ಜಾಸ್ತಿ. ಪಕ್ಕದಲ್ಲಿ ಇನ್ನೊಂದನ್ನ ಇಟ್ರೆ ತನ್ನ ವಾಸನೆ ಹತ್ತಿಸಿ ಅದರ ರುಚಿ ಕೆಡಿಸುತ್ತೆ. ಒಂಟಿಯಾಗಿಟ್ಟು ನೋಡು, ಲೇಡಿ ಡೇ ತನಕ ಏನೂ ಆಗಲ್ಲ.” ನೀನು ಅದಕ್ಕೆ ಹಳೆಯ ಬಟ್ಟೆ ತೊಡಿಸಿದೆ, ಅಷ್ಟೆ.

ನಾನು ಮುಗ್ಗರಿಸಲಿ ಎಂದೇ ನೀನು ಅದನ್ನು ಕಳಿಸಿದೆ. ಅದೂ ಗೊತ್ತಾಯಿತು. ಜನವರಿಯಲ್ಲಿ ನೀನು ಹಿಂದೆಗೆದುಕೊಳ್ಳಲು ನೋಡಿದ್ದೂ ಗೊತ್ತಾಯಿತು.

ಆದರೂ ನಾನು ಆ ಚೀಟಿಯನ್ನು ತಲೆಯ ಮೇಲೆಯೇ ಬಿಟ್ಟೆ. ಮಿಸ್ ಕ್ರೇಕ್ ಕೈಲಿ ಹದಿನಾಲ್ಕನೇ ಶತಮಾನದ ಚೀಟಿ ಇತ್ತು, ನನ್ನ ಕೈಲಿ ಏನೂ ಇರಲಿಲ್ಲ. ಕಾರಣ ಇಷ್ಟೇ. ಮೂರು ತಿಂಗಳು ಎಲ್ಲರೂ ನನ್ನನ್ನು ಬೇರೆ ಬಗೆಯಲ್ಲಿ ನೋಡಿದರು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಇನ್ನೊಂದು ಮಾತು. ನನ್ನ ಕುರ್ಚಿಯ ಮೇಲೆ ನಿನಗೆ ಕಣ್ಣು. ನನಗೆ ನಿನ್ನ ಕಿವಿಯ ಮೇಲೆ ಮೊದಲಿನಿಂದಲೂ ಕಣ್ಣು. ಒಂಬತ್ತು ಸಾವಿರ ನಿಜವಾದ ಚೀಟಿಗಳ ನಡುವೆ ಅತ್ಯಂತ ಜೀವಂತವಾದ ವಾಕ್ಯ ನೀನು ಮೋಸಕ್ಕೆಂದು ಬರೆದದ್ದು. ಅದನ್ನು ತೆಗೆದುಹಾಕಲು ನನ್ನ ಆ ಹೆಸರುವಾಸಿ ಕೈ ಏಳಲಿಲ್ಲ.

ಸಹಿ ಮಾಡು. ಬೇಡಿಕೊಳ್ಳುತ್ತೇನೆ. ಮಿಸೆಸ್ ಓಡ್ಲಿಂಗ್ ಆ ಪುಸ್ತಕವನ್ನು ನಿನ್ನ ಹೊರತು ಯಾರಿಗೂ ತೋರಿಸುವುದಿಲ್ಲ. ಅವರಿಗೆ ಎಂಬತ್ತಾರು. ಸಹಿ ಬಂದರೆ ಇದು ಇಲ್ಲಿಗೆ ಮುಗಿಯುತ್ತದೆ. ಬರದಿದ್ದರೆ, ಸಹಿ ಬೇಕಿಲ್ಲ ಎಂದದ್ದೇಕೆ ಎಂದು ಡಾಕ್ಟರರು ನನ್ನನ್ನೇ ಕೇಳುತ್ತಾರೆ. ನನಗೆ ಈ ಕೊಠಡಿ ಬಿಟ್ಟರೆ ಬೇರೆಲ್ಲೂ ಕೆಲಸವಿಲ್ಲ, ಯಾವ ಅಣ್ಣನ ಮನೆಯೂ ಇಲ್ಲ.

ಮಿಲಿ

ಲೌತ್
ಮಂಗಳವಾರ, ೨೭ ಮಾರ್ಚ್ ೧೮೯೪

ಪ್ರಿಯ ಮಿಲಿ,

ಈ ವರ್ಷ ಲೇಡಿ ಡೇ ಈಸ್ಟರ್ ಭಾನುವಾರವೇ ಬಂತು. ಚರ್ಚಿನ ಆರಾಧನೆ ಮುಗಿದ ಮೇಲೆ ನಾನು ಕಾರ್ಡನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮಿಸೆಸ್ ಓಡ್ಲಿಂಗ್ ಅವರ ಮನೆಗೆ ಹೋದೆ. ಆ ವಾಕ್ಯ ಅಲ್ಲಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಪುಸ್ತಕ ತೆರೆಸಿ, ಚೀಟಿಯಲ್ಲಿ ನಾನು ನಮೂದಿಸಿದ್ದ ನಲವತ್ತೊಂದನೇ ಹಾಳೆ ತಿರುಗಿಸಿದೆ. ಉಣ್ಣೆಗೆ ಬಣ್ಣ ಹಾಕುವುದು ಹೇಗೆ, ನುಸಿ ಓಡಿಸುವುದು ಹೇಗೆ. ನಡುವೆ ಕ್ವಿನ್ಸ್ ಇಲ್ಲ. ಹಾಳೆಯ ಬುಡದಲ್ಲಿ ನಾಲ್ಕು ಬೆರಳು ಅಗಲದ ಖಾಲಿ ಜಾಗವಿತ್ತು. ಅದನ್ನು ಬಹಳ ಹೊತ್ತು ನೋಡಿದೆ. ಆ ಲಿಪಿಯನ್ನು ಹನ್ನೊಂದು ವರ್ಷ ಓದಿದ್ದೇನೆ. ಆ ಶಾಯಿ ಮಾಡುವ ವಿಧಾನವೂ ಅದೇ ಪುಸ್ತಕದಲ್ಲಿದೆ, ಬೇಕಾದ ಪುಡಿಗಳೆಲ್ಲ ಆಂಬ್ರೋಸ್‌ನ ಕಪಾಟಿನಲ್ಲಿವೆ.

ಮಿಸೆಸ್ ಓಡ್ಲಿಂಗ್ ಬೆಂಕಿಯ ಮುಂದೆ ಕೂತಿದ್ದರು. ಕಣ್ಣು ಕಾಣುವುದಿಲ್ಲ, ಉಳಿದದ್ದೆಲ್ಲ ಕಾಣುತ್ತದೆ. “ಏನ್ ಹುಡುಕ್ತಿದ್ದೀಯೇ ಸೆಲೀನಾ? ಯಾವಾಗ್ಲೂ ಸರ್ ಸರ್ ಅಂತ ಹಾಳೆ ತಿರುಗಿಸೋಳು, ಇವತ್ತು ಸದ್ದೇ ಇಲ್ಲ” ಎಂದರು. ಖಾಲಿ ಜಾಗ ನೋಡುತ್ತಿದ್ದೇನೆ ಎಂದೆ. “ಅದು ನಮ್ಮತ್ತೆಯ ಅತ್ತೆ ಕಾಲದಿಂದ್ಲೂ ಖಾಲಿ. ಏನಾದ್ರೂ ಬರೀಬೇಕು ಅಂತ ಎಲ್ಲರಿಗೂ ಆಸೆ. ಯಾರಿಗೂ ಧೈರ್ಯ ಬರ್ಲಿಲ್ಲ” ಎಂದು ನಕ್ಕರು. ನಾನು ಪುಸ್ತಕ ಮುಚ್ಚಿ ಬಟ್ಟೆ ಸುತ್ತಿಟ್ಟೆ.

ಸಹಿ ಮಾಡುವುದಿಲ್ಲ, ಮಿಲಿ.

ಅದು ಒಳ್ಳೆಯತನವೆಂದು ತಿಳಿಯಬೇಡ. ನೀನು ನೆಲದ ಮೇಲೆ ಕಟ್ಟಿದ ಆ ಪದವನ್ನು ಕರಡಚ್ಚಿನಲ್ಲಿ ಮೊದಲಿಂದ ಕೊನೆಯವರೆಗೆ ನಾಲ್ಕು ಸಲ ಓದಿದೆ. ತಪ್ಪು ಹುಡುಕಲೆಂದೇ ಓದಿದೆ. ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ಹೆಜ್ಜೆ ಎಡವದೆ ಹೋಗಬಹುದು. ನನ್ನಿಂದ ಅದು ಆಗುತ್ತಿರಲಿಲ್ಲ. ನಾನಾಗಿದ್ದರೆ ಆರುನೂರ ಹನ್ನೆರಡನ್ನೂ ತುರುಕಿ, ಯಾವುದನ್ನೂ ಬಿಡಲಾರದೆ ಕೂತಿರುತ್ತಿದ್ದೆ. ಡಾಕ್ಟರರು ಹೇಳಿದ್ದು ಸರಿ. ಹಾಗೆ ಹೇಳಿದ್ದಕ್ಕೆ ಅವರನ್ನು ಈಗಲೂ ಕ್ಷಮಿಸಿಲ್ಲ. ಇಡೀ ಹಾಳೆಯಲ್ಲಿ ಹುಳುಕು ಒಂದೇ, ಅದು ನನ್ನದು. ಅಷ್ಟು ಚೆನ್ನಾದ ಕೆಲಸದ ಒಳಗೆ ನನ್ನ ಸುಳ್ಳು ಇನ್ನೂ ನೂರು ವರ್ಷ ಕೂತಿರುವುದನ್ನು ನನಗೆ ಸಹಿಸಲಾಗುವುದಿಲ್ಲ. ಬೇರೆ ಯಾರ ಕೆಲಸವಾಗಿದ್ದರೂ ಸಹಿಸುತ್ತಿದ್ದೆನೇನೋ.

ಆದ್ದರಿಂದ ಹೀಗೆ ತೀರ್ಮಾನಿಸಿದ್ದೇನೆ. ಗುರುವಾರ ಬೆಳಿಗ್ಗೆ ಒಂಬತ್ತೂ ನಲವತ್ತರ ರೈಲಿಗೆ ಹೊರಟು, ಅಚ್ಚಿಗೆ ಹೋಗುವ ಹಿಂದಿನ ದಿನ ಯಾರ್ಕ್ ತಲುಪುತ್ತೇನೆ. ಸಹಿಯಿಲ್ಲದ ಕಾರ್ಡನ್ನು ಡಾಕ್ಟರರ ಕೈಯಲ್ಲಿಟ್ಟು, ಆ ಚೀಟಿಯನ್ನು ನಾನೇ ಕಟ್ಟಿದೆ ಎಂದು ಹೇಳುತ್ತೇನೆ. ಮುಂದೇನಾಗುತ್ತದೆ ಎಂಬುದು ಗೊತ್ತು. ಹನ್ನೊಂದು ವರ್ಷದಲ್ಲಿ ನಾನು ಬರೆದ ಪ್ರತಿ ಚೀಟಿಯನ್ನೂ ನಿಮ್ಮ ಕಪಾಟುಗಳಿಂದ ಹೊರಗೆಳೆದು ಹೋಲಿಸಬೇಕು, ಹೋಲಿಸಲಾಗದ್ದನ್ನು ಸುಡಬೇಕು. ಓದುಗರ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ. ನೀನು ನನ್ನ ಅಕ್ಷರವನ್ನು ನಂಬಿ ಮೋಸಹೋದೆ ಎಂದು ಹೇಳುತ್ತೇನೆ. ಮೊದಲಿನ ಕೆಲವು ಗಂಟೆ ಅದು ನಿಜವೂ ಆಗಿತ್ತಲ್ಲ. ಉಳಿದದ್ದನ್ನು ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು.

ಡಾಕ್ಟರರು ನಿನ್ನನ್ನು ಕೆಲಸದಿಂದ ಕಳಿಸಿಬಿಟ್ಟರೆ, ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಮಿಸ್ ಕ್ರೇಕ್ ಕೂತರೆ, ನನಗೆ ಸಂತೋಷವಾಗುತ್ತದೆಯೇ ಎಂದು ನಿನ್ನೆ ನನ್ನನ್ನೇ ಕೇಳಿಕೊಂಡೆ. ಸ್ವಲ್ಪ ಆಗುತ್ತದೆ. ನೀನು ಇಲ್ಲಿಗೆ ಬಂದು ಈ ಮೇಜಿನ ಆ ಬದಿಯಲ್ಲಿ ಕೂರಬೇಕಾಗುತ್ತದಲ್ಲ ಎನ್ನುವುದು ಅದಕ್ಕೆ ಕಾರಣ. ಇದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಒಪ್ಪಿಕೊಂಡರೆ ಇನ್ನೊಂದು ಸುಳ್ಳು ಚೀಟಿ ಬರೆದಂತೆ.

ಆಂಬ್ರೋಸ್‌ಗೆ ಇನ್ನೂ ಹೇಳಿಲ್ಲ. ಕೆಜಾಯಾ ಕೇಳದೆಯೇ ನನ್ನ ಕಪ್ಪು ಬೂಟಿಗೆ ಪಾಲಿಶ್ ಹಾಕಿಟ್ಟಿದ್ದಾಳೆ. ಅಟ್ಟದಲ್ಲಿ ನಾಲ್ಕು ಕ್ವಿನ್ಸ್ ಉಳಿದಿವೆ, ಮುಟ್ಟಿದರೆ ಇನ್ನೂ ಗಟ್ಟಿ.

ಹತ್ತೊಂಬತ್ತನೇ ತಾರೀಖಿನ ನಿನ್ನ ಪತ್ರ ಯಾರ ಕಣ್ಣಿಗೂ ಬೀಳಬಾರದು. ಅದನ್ನು ಒಲೆಗೆ ಹಾಕುವುದೆಂದೂ ತೀರ್ಮಾನಿಸಿದ್ದೇನೆ. ಇವತ್ತು ಎರಡು ಸಲ ಅಡುಗೆಮನೆಯವರೆಗೆ ತೆಗೆದುಕೊಂಡು ಹೋಗಿ, ನನ್ನ ಕಿವಿಯ ಬಗ್ಗೆ ನೀನು ಬರೆದ ಸಾಲನ್ನು ಓದಿ, ವಾಪಸು ತಂದೆ. ಗುರುವಾರ ಹೊರಡುವ ಮೊದಲು ಹಾಕುತ್ತೇನೆ.

ನಿನ್ನ,
ಸೆಲೀನಾ